ತಪ್ಪು ವಿಳಾಸದ ಬಯಲು: ರೋಮಿನ ಸರ್ಕಸ್ ಫ್ಲಾಮಿನಿಯಸ್ ಪ್ರಕರಣ

ರೋಮ್ ನಗರದ ಹಳೆಯ ಭಾಗದಲ್ಲಿ ‘ವಿಯಾ ದೆಲ್ಲೆ ಬೊತ್ತೆಗೆ ಒಸ್ಕೂರೆ’ ಎಂಬ ಬೀದಿಯಿದೆ. ಹೆಸರಿನ ಅರ್ಥ ಕತ್ತಲೆ ಅಂಗಡಿಗಳ ಬೀದಿ. ಮಧ್ಯಯುಗದಲ್ಲಿ ಇಲ್ಲಿ ಯಾವುದೋ ಪುರಾತನ ಕಟ್ಟಡದ ಕಮಾನುಗಳು ನಿಂತಿದ್ದವು. ಆ ಕಮಾನುಗಳೊಳಗೆ ಜನ ಅಂಗಡಿ ಹೂಡಿದರು. ಕಿಟಕಿಯಿಲ್ಲದ ಗವಿಯಂಥ ಅಂಗಡಿಗಳು, ಅದಕ್ಕೇ ಆ ಹೆಸರು. ಬೀದಿಯಿಂದ ದಕ್ಷಿಣಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಸಾಂತಾ ಕತೆರೀನಾ ದೇಯಿ ಫುನಾರಿ ಎಂಬ ಚರ್ಚು ಸಿಗುತ್ತದೆ. ಫುನಾರಿ ಎಂದರೆ ಹಗ್ಗ ಹೊಸೆಯುವವರು. ಹಗ್ಗದ ಕಸುಬಿಗೆ ಉದ್ದನೆಯ ಸಮತಟ್ಟಾದ ಜಾಗ ಬೇಕೇ ಬೇಕು: ಒಬ್ಬ ತಿರುಗಣೆ ಹಿಡಿದು ಒಂದು ತುದಿಯಲ್ಲಿ ನಿಂತರೆ, ಇನ್ನೊಬ್ಬ ನಾರನ್ನು ಬಿಡುತ್ತ ಹಿಂದೆ ಹಿಂದೆ ನಡೆಯಬೇಕು.

ಕತ್ತಲೆ ಕಮಾನುಗಳು, ಉದ್ದನೆಯ ಬಯಲು. ಹದಿನಾರನೆಯ ಶತಮಾನದ ವಿದ್ವಾಂಸರು ಇವೆರಡನ್ನೂ ಕೂಡಿಸಿ ಲೆಕ್ಕ ಹಾಕಿದರು. ಈ ಪ್ರದೇಶದಲ್ಲಿ ಸರ್ಕಸ್ ಫ್ಲಾಮಿನಿಯಸ್ ಎಂಬ ಸಾರ್ವಜನಿಕ ಬಯಲು ಇತ್ತೆಂದು ಲ್ಯಾಟಿನ್ ಗ್ರಂಥಗಳಿಂದ ಅವರಿಗೆ ಗೊತ್ತಿತ್ತು. ಕಮಾನುಗಳು ಪ್ರೇಕ್ಷಕರ ಕಟ್ಟೆಯ ಕೆಳಗಿನವು, ಹಗ್ಗದವರ ಬಯಲು ಓಟದ ಬಯಲು ಎಂದು ತೀರ್ಮಾನಿಸಿದರು. ಆ ತೀರ್ಮಾನ ಪುಸ್ತಕದಿಂದ ಪುಸ್ತಕಕ್ಕೆ, ನಕ್ಷೆಯಿಂದ ನಕ್ಷೆಗೆ ಇಳಿದು ಬಂದು ಸುಮಾರು ನಾನ್ನೂರು ವರ್ಷ ಬಾಳಿತು. ಅದು ತಪ್ಪು ಎಂದು ತೋರಿಸಿದ್ದು 1960ರಲ್ಲಿ ಇಟಲಿಯ ಪುರಾತತ್ತ್ವಜ್ಞ ಗುಲ್ಯೆಲ್ಮೊ ಗಾತ್ತಿ. ತೋರಿಸಲು ಅವರು ಬಳಸಿದ ಕಲ್ಲುಗಳು 1562ರಿಂದಲೂ ರೋಮಿನಲ್ಲಿಯೇ, ವಿದ್ವಾಂಸರ ಕೈಯಳತೆಯಲ್ಲಿಯೇ ಇದ್ದವು. ಈ ಪ್ರಕರಣವನ್ನು ನಾನು ಮತ್ತೆ ಮತ್ತೆ ಓದುವುದು ಇದೇ ಕಾರಣಕ್ಕೆ. ಸಾಕ್ಷ್ಯ ಇರಲಿಲ್ಲ ಎಂದು ಇಲ್ಲಿ ಯಾರೂ ಹೇಳುವಂತಿಲ್ಲ.

ಹುಡುಕುತ್ತಿದ್ದುದು ಏನನ್ನು

ಸರ್ಕಸ್ ಎಂದ ಕೂಡಲೇ ನಮಗೆ ಆನೆ, ಜೋಕಾಲಿ, ಡೇರೆ ನೆನಪಾಗುತ್ತವೆ. ರೋಮನ್ನರಿಗೆ ಅದು ಸುತ್ತು ಹೊಡೆಯುವ ಜಾಗ, ಸಾಮಾನ್ಯವಾಗಿ ರಥದೋಟದ ಅಂಗಣ. ಸರ್ಕಸ್ ಫ್ಲಾಮಿನಿಯಸ್ಸನ್ನು ರೂಪಿಸಿದವನು ಗೈಯಸ್ ಫ್ಲಾಮಿನಿಯಸ್ ಎಂಬ ಜನಪರ ನಾಯಕ. ಕ್ರಿ.ಪೂ. 220ರ ಸುಮಾರಿಗೆ ಅಧಿಕಾರದಲ್ಲಿದ್ದಾಗ ಅವನು ಈ ಕೆಲಸ ಮಾಡಿಸಿದ. ಮೂರು ವರ್ಷಗಳ ತರುವಾಯ ತ್ರಾಸಿಮೀನ್ ಸರೋವರದ ದಡದಲ್ಲಿ ಹ್ಯಾನಿಬಲ್‌ನ ಸೈನ್ಯಕ್ಕೆ ಸಿಕ್ಕಿ ಸತ್ತವನೂ ಇವನೇ.

ಗ್ರಂಥಗಳು ಈ ಬಯಲಿನ ಬಗ್ಗೆ ಹೇಳುವುದನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ರೋಮನ್ ಸೇನಾನಿ ಲೂಕುಲ್ಲಸ್ ತನ್ನ ವಿಜಯೋತ್ಸವದಲ್ಲಿ ಶತ್ರುಗಳಿಂದ ಕಿತ್ತುಕೊಂಡ ಆಯುಧಗಳನ್ನೂ ರಾಜರ ಯುದ್ಧಯಂತ್ರಗಳನ್ನೂ ಇಲ್ಲಿ ಸಾಲಾಗಿ ಅಲಂಕರಿಸಿಟ್ಟನೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಕ್ರಿ.ಪೂ. 9ರಲ್ಲಿ ಮಲಮಗ ದ್ರೂಸುಸ್ ತೀರಿಕೊಂಡಾಗ ಅಗಸ್ಟಸ್ ಚಕ್ರವರ್ತಿ ಸಂತಾಪದ ಭಾಷಣ ಮಾಡಿದ್ದು ಇಲ್ಲಿ. ಕ್ರಿ.ಪೂ. 2ರಲ್ಲಿ ಇದೇ ಬಯಲಿಗೆ ನೀರು ಹರಿಸಿ 36 ಮೊಸಳೆಗಳನ್ನು ಕೊಲ್ಲಿಸಿದ ಪ್ರದರ್ಶನವನ್ನು ರೋಮಿನ ಇತಿಹಾಸಕಾರ ಡಿಯೊ ಕಾಸಿಯಸ್ ದಾಖಲಿಸಿದ್ದಾನೆ. ಇಲ್ಲಿ ಜನಸಭೆಗಳು ನಡೆದವು, ಸಂತೆ ನೆರೆಯಿತು. ಕಲ್ಲಿನ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಆಸನಗಳ ಮಾತು ಮಾತ್ರ ಎಲ್ಲಿಯೂ ಬರುವುದಿಲ್ಲ. ಈ ಮೌನವನ್ನು ಗಂಭೀರವಾಗಿ ತೆಗೆದುಕೊಂಡು ಬ್ರಿಟಿಷ್ ಇತಿಹಾಸಕಾರ ಪೀಟರ್ ವೈಸ್‌ಮನ್ ಬರೆದದ್ದು 1974ರಷ್ಟು ತಡವಾಗಿ: ಅದು ಕಟ್ಟಡವೇ ಅಲ್ಲ, ತೆರೆದ ಬಯಲು ಎಂದು ಅವರು ವಾದಿಸಿದರು. ಹಿಂದಿನವರು ಹೆಸರಿನಲ್ಲಿ ಸರ್ಕಸ್ ಇದೆಯೆಂದು ಕಮಾನುಗಳನ್ನು ಹುಡುಕಿದರು. ಕಮಾನುಗಳು ಸಿಕ್ಕವು ಕೂಡ. ಆ ಕಮಾನುಗಳು ಬೇರೆ ಕಟ್ಟಡಕ್ಕೆ ಸೇರಿದವು.

ಆ ಬೇರೆ ಕಟ್ಟಡವೇ ಬಾಲ್ಬುಸ್ ರಂಗಮಂದಿರ. ಲೂಕಿಯಸ್ ಕಾರ್ನೇಲಿಯಸ್ ಬಾಲ್ಬುಸ್ ಸ್ಪೇನಿನ ಗಾದೆಸ್, ಅಂದರೆ ಇಂದಿನ ಕಾದಿಸ್ ಊರಿನವನು. ಆಫ್ರಿಕದ ಗಾರಾಮಾಂತರನ್ನು ಗೆದ್ದು ಕ್ರಿ.ಪೂ. 19ರಲ್ಲಿ ವಿಜಯೋತ್ಸವ ಮಾಡಿಕೊಂಡ. ಚಕ್ರವರ್ತಿಯ ಮನೆತನಕ್ಕೆ ಸೇರದ ಸೇನಾನಿಗೆ ಆ ಗೌರವ ದೊರೆತದ್ದು ಅದೇ ಕೊನೆ. ಕ್ರಿ.ಪೂ. 13ರಲ್ಲಿ ಅವನು ತನ್ನ ರಂಗಮಂದಿರದ ಪ್ರಾರಂಭೋತ್ಸವ ಇಟ್ಟುಕೊಂಡಾಗ ಟೈಬರ್ ನದಿ ಉಕ್ಕಿ ಹರಿದಿತ್ತು. ತಾನು ಕಟ್ಟಿಸಿದ ಮಂದಿರಕ್ಕೆ ತಾನೇ ದೋಣಿಯಲ್ಲಿ ಹೋಗಬೇಕಾಯಿತು ಎಂದು ಡಿಯೊ ಹೇಳುತ್ತಾನೆ.

ದೋಣಿಯ ಈ ಕಥೆ ಓದಿದವರಿಗೆ ಮಂದಿರ ನದಿಯ ಮಗ್ಗುಲಲ್ಲೇ ಇತ್ತೆನ್ನಿಸುವುದು ಸಹಜ. ನದಿಗೆ ಹತ್ತಿರ, ಯಹೂದಿಗಳ ಹಳೆಯ ಕೇರಿಯ ಅಂಚಿನಲ್ಲಿ, ಮೊಂತೆ ದೇಯಿ ಚೆಂಚಿ ಎಂಬ ಸಣ್ಣ ದಿಬ್ಬವಿದೆ. ಸುತ್ತಲೂ ಚಪ್ಪಟೆ ನೆಲ, ನಡುವೆ ದಿಬ್ಬ: ಅದರಡಿ ಪಾಳುಬಿದ್ದ ಕಟ್ಟಡ ಇದೆಯೆಂದು ಯಾರಾದರೂ ಊಹಿಸಬಹುದು. ಪಕ್ಕದ ಮಾರ್ಸೆಲಸ್ ರಂಗಮಂದಿರವೂ ಮಣ್ಣು ತುಂಬಿ ಇಂಥದೇ ದಿಬ್ಬವಾಗಿತ್ತು. ಹೀಗಾಗಿ ಬಾಲ್ಬುಸ್ ಮಂದಿರವನ್ನು ಚೆಂಚಿ ದಿಬ್ಬದಡಿ ಇಟ್ಟರು, ಸರ್ಕಸ್ಸನ್ನು ಕತ್ತಲೆ ಅಂಗಡಿಗಳ ಬೀದಿಯಲ್ಲಿ ಇಟ್ಟರು. ಎರಡೂ ಅದಲುಬದಲು ಎಂದೇ ಹೇಳಬಹುದು.

ನೆರೆನೀರಿನ ವಾದ ನಿಲ್ಲುವುದಿಲ್ಲವೆಂದು ಆಗಲೇ ಕಾಣಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ. 1598ರ ಕ್ರಿಸ್‌ಮಸ್ ಹೊತ್ತಿನ ಮಹಾಪೂರದ ಗುರುತುಕಲ್ಲು ಇಂದಿಗೂ ಸಾಂತಾ ಮರಿಯಾ ಸೊಪ್ರಾ ಮಿನೆರ್ವಾ ಚರ್ಚಿನ ಮುಂಗೋಡೆಯಲ್ಲಿದೆ, ಆಳೆತ್ತರಕ್ಕಿಂತ ಮೇಲೆ. ಆ ಚರ್ಚು ಪ್ಯಾಂಥಿಯನ್ ಪಕ್ಕದಲ್ಲಿದೆ, ನದಿಯಿಂದ ಸಾಕಷ್ಟು ಒಳಗೆ. ಆ ಬಯಲುಸೀಮೆಯಲ್ಲಿ ಟೈಬರ್ ಉಕ್ಕಿದರೆ ಎಲ್ಲ ಕಡೆಯೂ ದೋಣಿಯೇ ಗತಿ.

ಅಮೃತಶಿಲೆಯ ನಕ್ಷೆ

ಈಗ ಸಾಕ್ಷ್ಯದ ಕಡೆಗೆ. ಕ್ರಿ.ಶ. 203ರಿಂದ 211ರ ನಡುವೆ, ಸೆಪ್ಟಿಮಿಯಸ್ ಸೆವೆರಸ್ ಆಳುತ್ತಿದ್ದಾಗ, ರೋಮಿನ ಶಾಂತಿ ದೇವಾಲಯದ ಒಂದು ಕೊಠಡಿಯ ಗೋಡೆಗೆ ಇಡೀ ನಗರದ ನಕ್ಷೆಯನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದರು. ಸುಮಾರು 18 ಮೀಟರ್ ಅಗಲ, 13 ಮೀಟರ್ ಎತ್ತರ, 150 ಅಮೃತಶಿಲೆಯ ಚಪ್ಪಡಿಗಳು. ಅಳತೆ ಹತ್ತಿರ ಹತ್ತಿರ 1:240. ಅಂದರೆ ನೆಲದ ಮೇಲಿನ 24 ಮೀಟರ್ ಇಲ್ಲಿ 10 ಸೆಂಟಿಮೀಟರ್. ಮನೆಗಳ ಕೋಣೆ, ಅಂಗಡಿಗಳ ಬಾಗಿಲು, ಮೆಟ್ಟಿಲು, ಕಂಬ, ಯಾವುದನ್ನೂ ಬಿಟ್ಟಿಲ್ಲ. ಕಂಬವೊಂದು ಉಳಿಯೇಟಿನ ಒಂದು ಚುಕ್ಕಿ. ದೊಡ್ಡ ದೇವಾಲಯಗಳಿಗೆ ಜೋಡಿಗೆರೆ. ಮುಖ್ಯ ಕಟ್ಟಡಗಳ ಮೇಲೆ ಹೆಸರು. ಉತ್ತರ ದಿಕ್ಕು ಮೇಲಿಲ್ಲ. ಆಗ್ನೇಯ ಮೇಲಿದೆ. ಇಂದಿನ ನಕ್ಷೆಯ ಪಕ್ಕ ಇಟ್ಟು ನೋಡುವವರು ಮೊದಲು ತಲೆಯನ್ನೇ ತಿರುಗಿಸಬೇಕು.

ಆರನೆಯ ಶತಮಾನದಲ್ಲಿ ಆ ದೇವಾಲಯದ ಒಂದು ಭಾಗ ಸಂತ ಕೊಸ್ಮಾಸ್ ಮತ್ತು ದಾಮಿಯಾನರ ಚರ್ಚಾಯಿತು. ನಕ್ಷೆ ನಿಂತಿದ್ದ ಗೋಡೆ ಆ ಚರ್ಚಿನ ಹೊರಗೋಡೆಯಾಗಿ ಇಂದಿಗೂ ಇದೆ, ಚಪ್ಪಡಿಗಳನ್ನು ಹಿಡಿದಿದ್ದ ಲೋಹದ ಕೊಕ್ಕೆಗಳ ತೂತುಗಳ ಸಮೇತ. ಕಲ್ಲುಗಳಲ್ಲಿ ಕೆಲವನ್ನು ಕಿತ್ತು ಸುಣ್ಣ ಸುಟ್ಟರು, ಕೆಲವು ಬಿದ್ದು ಚೂರಾಗಿ ಗೋಡೆಯ ಬುಡದಲ್ಲಿ ಹೂತುಹೋದವು. ಶಾಸನದ ಕಲ್ಲನ್ನು ಕಲ್ಯಾಣಿಯ ಮೆಟ್ಟಿಲಾಗಿ, ಬಟ್ಟೆ ಒಗೆಯುವ ಬಂಡೆಯಾಗಿ ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1562ರ ಬೇಸಗೆಯಲ್ಲಿ ಆ ಗೋಡೆಯ ಹಿಂದಿನ ತೋಟದಲ್ಲಿ ಕೆತ್ತಿದ ಕಲ್ಲುಗಳು ಕಾಣಿಸಿಕೊಂಡವು. ಜಾಗದ ಒಡೆಯ ತೊರ್ಕ್ವಾತೊ ಕೊಂತಿ. ಅಗೆಸಿದವನು ಶಿಲ್ಪಿ ಜೊವಾನ್ನಿ ಆಂತೋನಿಯೊ ದೋಸಿಯೊ. ಕಲ್ಲುಗಳು ಕಾರ್ಡಿನಲ್ ಅಲೆಸ್ಸಾಂದ್ರೊ ಫಾರ್ನೇಸೆಯ ಅರಮನೆ ಸೇರಿದವು. ಅಲ್ಲಿ ಅವನ ಆಶ್ರಯದಲ್ಲಿದ್ದ ಒನೊಫ್ರಿಯೊ ಪನ್ವೀನಿಯೊ, ಫುಲ್ವಿಯೊ ಒರ್ಸೀನಿ ಮೊದಲಾದ ವಿದ್ವಾಂಸರಿಗೆ ಅವು ದೊರೆತವು. ಆಗ ಮಾಡಿದ ಅತ್ಯಂತ ದೊಡ್ಡ ಕೆಲಸವೆಂದರೆ 91 ತುಣುಕುಗಳ ಚಿತ್ರ ಬರೆದಿಟ್ಟದ್ದು. ಆ ಚಿತ್ರಗಳು ವ್ಯಾಟಿಕನ್ ಗ್ರಂಥಾಲಯದ ಲ್ಯಾಟಿನ್ 3439 ಎಂಬ ಹಸ್ತಪ್ರತಿಯಲ್ಲಿವೆ. ಹಾಳೆಯ ಮೇಲೆ ಒಡೆದ ಅಂಚು, ಅರ್ಧಕ್ಕೆ ನಿಂತ ಗೋಡೆಗೆರೆ, ತುಂಡಾದ ಅಕ್ಷರ, ಕಂಡಷ್ಟನ್ನು ಕಂಡಂತೆ ಬರೆದಿದ್ದಾರೆ. ಊಹೆಯಿಂದ ತುಂಬುವ ಆಸೆಯನ್ನು ತಡೆದುಕೊಂಡ ಆ ಕೈಗೆ ನಾನು ನಮಸ್ಕಾರ ಮಾಡುತ್ತೇನೆ.

ಏಕೆಂದರೆ ಮುಂದಿನ ಶತಮಾನದಲ್ಲಿ ಫಾರ್ನೇಸೆ ಮನೆತನದವರೇ ಆ ಕಲ್ಲುಗಳಲ್ಲಿ ಹಲವನ್ನು ಟೈಬರ್ ದಡದ ತಮ್ಮ ‘ರಹಸ್ಯ ತೋಟ’ದ ಗೋಡೆಗೆ ಕಟ್ಟಡದ ಕಲ್ಲಾಗಿ ಹಾಕಿಸಿಬಿಟ್ಟರು. 1673ರಲ್ಲಿ ಬೆಲ್ಲೋರಿ ನಕ್ಷೆಯ ತುಣುಕುಗಳನ್ನು ಮೊದಲ ಬಾರಿಗೆ ಅಚ್ಚು ಹಾಕಿಸುವ ಹೊತ್ತಿಗೆ ಎಷ್ಟೋ ತುಣುಕುಗಳಿಗೆ ಈ ಚಿತ್ರಗಳೇ ಆಧಾರವಾಗಿದ್ದವು. 1742ರಲ್ಲಿ ಉಳಿದವು ಕ್ಯಾಪಿಟೊಲೈನ್ ವಸ್ತುಸಂಗ್ರಹಾಲಯಕ್ಕೆ ಬಂದು ಅಲ್ಲಿನ ಮೆಟ್ಟಿಲ ಗೋಡೆಗೆ ಚೌಕಟ್ಟುಗಳಲ್ಲಿ ಕುಳಿತವು. ಚೌಕಟ್ಟಿಗೆ ಹೊಂದಲೆಂದು ಕೆಲವು ಕಲ್ಲುಗಳ ಅಂಚನ್ನು ಕತ್ತರಿಸಿದರು! ಒಡೆದ ಅಂಚೇ ಪಕ್ಕದ ತುಣುಕನ್ನು ಗುರುತಿಸುವ ಕೀಲಿ ಎಂಬುದು ಆಗ ಯಾರ ತಲೆಗೂ ಹೊಳೆಯಲಿಲ್ಲ. ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. ಕಳೆದುಹೋದ ತುಣುಕುಗಳನ್ನು ಹಳೆಯ ಚಿತ್ರ ನೋಡಿ ಹೊಸದಾಗಿ ಕೆತ್ತಿಸಿದರು, ಅವುಗಳ ಮೇಲೆ ಒಂದು ನಕ್ಷತ್ರದ ಗುರುತು ಹಾಕಿದರು. ಯಾವುದು ಅಸಲು, ಯಾವುದು ನಕಲು ಎಂದು ನೋಡುವವರಿಗೆ ತಿಳಿಯಿತು.

ರಹಸ್ಯ ತೋಟದ ಗೋಡೆಯೊಳಗಿನ ಕಲ್ಲುಗಳು 1888 ಮತ್ತು 1899ರಲ್ಲಿ ನೂರಾರು ಸಂಖ್ಯೆಯಲ್ಲಿ ಹೊರಬಂದವು. ಎಲ್ಲ ಸೇರಿ ಇಂದು ಕೈಯಲ್ಲಿರುವುದು 1,200ರಷ್ಟು ಚೂರುಗಳು. ಮೂಲ ನಕ್ಷೆಯ ಹತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು.

ತಪ್ಪು ಉಳಿದದ್ದು ಹೇಗೆ

ಪಿರ್ರೊ ಲಿಗೋರಿಯೊ 1553ರಲ್ಲಿ ಸರ್ಕಸ್, ರಂಗಮಂದಿರಗಳ ಬಗ್ಗೆ ಪುಸ್ತಕ ತಂದವನು. ಕತ್ತಲೆ ಅಂಗಡಿಗಳ ಬಳಿಯ ಅವಶೇಷಗಳನ್ನು ಅವನು ಕಣ್ಣಾರೆ ನೋಡಿದ್ದ, ಸರ್ಕಸ್ ಫ್ಲಾಮಿನಿಯಸ್ ಎಂದೇ ವರ್ಣಿಸಿದ. ಶಾಸನಗಳನ್ನು ಹುಟ್ಟುಹಾಕಿದ ಅಪಕೀರ್ತಿ ಅವನಿಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾಟಿನ್ ಶಾಸನಗಳ ಮಹಾಸಂಪುಟ ತಯಾರಿಸಿದವರು ಅವನಿಂದ ಬಂದ ಪಾಠಗಳನ್ನು ರಾಶಿರಾಶಿಯಾಗಿ ಖೋಟಾ ಪಟ್ಟಿಗೆ ತಳ್ಳಿದರು. ಆದರೆ ಈ ಪ್ರಕರಣದಲ್ಲಿ ಅವನು ಸುಳ್ಳು ಹೇಳಲಿಲ್ಲ. ಕಂಡದ್ದನ್ನು ಕಂಡ ಹಾಗೆಯೇ ಹೇಳಿದ, ಹೆಸರು ಮಾತ್ರ ತಪ್ಪಾಗಿ ಇಟ್ಟ. ಖೋಟಾ ಶಾಸನವನ್ನು ಹಿಡಿಯುವುದು ಸುಲಭ, ಪ್ರಾಮಾಣಿಕವಾದ ತಪ್ಪನ್ನು ಹಿಡಿಯುವುದು ಕಷ್ಟ.

ನಕ್ಷೆಯ ತುಣುಕುಗಳು ಬಂದ ಮೇಲಾದರೂ ತಪ್ಪು ತಿದ್ದಬೇಕಿತ್ತಲ್ಲ? ಬಾಲ್ಬುಸ್ ರಂಗಮಂದಿರದ ಹೆಸರು ಕೆತ್ತಿದ ಕಲ್ಲಿತ್ತು, ಸರ್ಕಸ್ಸಿನ ಹೆಸರಿನ ಅಕ್ಷರಗಳೂ ಇದ್ದವು. ಆದರೆ ವಿದ್ವಾಂಸರು ತುಣುಕನ್ನು ಎತ್ತಿಕೊಂಡು ‘ಇದು ಯಾವ ಕಟ್ಟಡ’ ಎಂದು ಮೊದಲು ಕೇಳಿದರು. ಆ ಕಟ್ಟಡ ಎಲ್ಲಿತ್ತೆಂದು ಗ್ರಂಥಗಳಿಂದ ತಮಗೆ ಆಗಲೇ ಗೊತ್ತಿದೆ ಎಂಬುದು ಅವರ ನಂಬಿಕೆ. ಗೊತ್ತಿದ್ದ ಜಾಗದಲ್ಲಿ ತುಣುಕನ್ನು ಕೂರಿಸಿದರು. ಕೂತ ತುಣುಕೇ ಆಮೇಲೆ ಆ ಜಾಗಕ್ಕೆ ಸಾಕ್ಷಿಯಾಯಿತು. ಹೈನ್ರಿಖ್ ಯೋರ್ದಾನ್ 1874ರಲ್ಲಿ ತುಣುಕುಗಳ ಪಾಂಡಿತ್ಯಪೂರ್ಣ ಆವೃತ್ತಿ ತಂದಾಗಲೂ ಸರ್ಕಸ್ ಕದಲಲಿಲ್ಲ. ರೊಡೊಲ್ಫೊ ಲಾಂಚಾನಿ 1893ರಿಂದ 1901ರವರೆಗೆ 46 ಹಾಳೆಗಳಲ್ಲಿ ಪ್ರಾಚೀನ ರೋಮಿನ ಅದ್ಭುತ ನಕ್ಷೆ ಪ್ರಕಟಿಸಿದಾಗಲೂ ಅದು ಅದೇ ಕತ್ತಲೆ ಅಂಗಡಿಗಳ ಬಳಿ ಇತ್ತು. ಇಬ್ಬರೂ ಅಸಾಧಾರಣ ವಿದ್ವಾಂಸರು, ಅವರನ್ನು ಹಗುರವಾಗಿ ಕಾಣುವ ಯೋಗ್ಯತೆ ನನಗಿಲ್ಲ. ಆದರೂ ಮಾತು ಹೇಳಲೇಬೇಕು: ಮುನ್ನೂರು ವರ್ಷ ಎಲ್ಲರೂ ಒಪ್ಪಿದ್ದಾರೆ ಎಂಬುದು ಅವರಿಗೂ ಸಾಕ್ಷ್ಯದಂತೆ ಕಂಡಿತು.

ಒಂದು ವಿಳಾಸ ತಪ್ಪಿದರೆ ನೆರೆಹೊರೆಯ ವಿಳಾಸಗಳೂ ತಪ್ಪುತ್ತವೆ. ‘ಇನ್ ಸಿರ್ಕೊ ಫ್ಲಾಮಿನಿಯೊ’, ಫ್ಲಾಮಿನಿಯಸ್ ಸರ್ಕಸ್ಸಿನ ಬಳಿ, ಎಂಬುದು ರೋಮನ್ನರಿಗೆ ಬಡಾವಣೆಯ ಹೆಸರಿದ್ದಂತೆ. ಮಾರ್ಸ್, ನೆಪ್ಚೂನ್, ಕಾವಲು ಹರ್ಕ್ಯುಲಿಸ್, ಕ್ಯಾಸ್ಟರ್ ಮತ್ತು ಪೊಲ್ಲಕ್ಸ್, ಹೀಗೆ ಎಷ್ಟೋ ಗುಡಿಗಳ ವಿಳಾಸ ಅದೇ ಬಡಾವಣೆ. ಬಯಲನ್ನು ಉತ್ತರಕ್ಕೆ ಎಳೆದೊಡನೆ ಗುಡಿಗಳೂ ಅದರ ಹಿಂದೆ ಸರಿದವು. ಅಗೆತದಲ್ಲಿ ಸಿಕ್ಕ ಅಡಿಪಾಯಗಳಿಗೆ ತಪ್ಪು ದೇವರ ಹೆಸರು ಹತ್ತಿತು.

ಕಲ್ಲಿನ ಬೆನ್ನು

ಗುಲ್ಯೆಲ್ಮೊ ಗಾತ್ತಿ ರೋಮಿನ ಹಳಮೆಯಲ್ಲೇ ಹುಟ್ಟಿ ಬೆಳೆದವರು. ಅವರ ಅಜ್ಜ ಜುಸೆಪ್ಪೆ ಗಾತ್ತಿ ಹೆಸರಾಂತ ಶಾಸನತಜ್ಞ. 1934ರಲ್ಲಿ ಮೂವತ್ತು ತುಂಬುವ ಮೊದಲೇ ಗುಲ್ಯೆಲ್ಮೊ ಒಂದು ಲೇಖನದಲ್ಲಿ ತಮ್ಮ ಕ್ರಮವನ್ನು ತೋರಿಸಿದ್ದರು. ನಕ್ಷೆಯ ಒಂದು ದೊಡ್ಡ ಕಟ್ಟಡದ ಮೇಲೆ ಉಳಿದಿದ್ದುದು ‘ಲಿಯಾ’ ಎಂಬ ಕೊನೆಯ ಅಕ್ಷರಗಳು ಮಾತ್ರ, ಲ್ಯಾಟಿನ್ ಲಿಪಿಯಲ್ಲಿ ಮೂರು. ಹಿಂದಿನವರು ಅದನ್ನು ‘ಸೆಪ್ತಾ ಯೂಲಿಯಾ’ ಎಂದು ತುಂಬಿ, ಜನ ಮತ ಹಾಕುತ್ತಿದ್ದ ಆವರಣ ಎಂದುಕೊಂಡಿದ್ದರು. ಗಾತ್ತಿ ಕಟ್ಟಡದ ಕಂಬಸಾಲುಗಳ ಲೆಕ್ಕವನ್ನು ನೆಲದ ಮೇಲಿನ ಅವಶೇಷಗಳ ಜೊತೆ ಹಿಡಿದು ನೋಡಿದರು. ಅದು ಟೈಬರ್ ದಡದ ತೆಸ್ತಾಚ್ಚೊದಲ್ಲಿ, ಹಳೆಯ ಬಂದರಿನ ಬಳಿ ಇಂದಿಗೂ ಅಲ್ಲಲ್ಲಿ ನಿಂತಿರುವ 487 ಮೀಟರ್ ಉದ್ದದ ಕಟ್ಟಡಕ್ಕೆ ಹೊಂದಿಕೊಂಡಿತು. ಹೆಸರನ್ನು ಅವರು ‘ಪೋರ್ತಿಕುಸ್ ಎಮೀಲಿಯಾ’, ಎಮೀಲಿಯಾ ಕಂಬಸಾಲು, ಎಂದು ಓದಿದರು. ಇಲ್ಲಿಗೆ ಕಥೆ ಮುಗಿಯಲಿಲ್ಲ. 2006ರಲ್ಲಿ ಲೂಕೋಸ್ ಕೊಜ್ಜಾ ಮತ್ತು ಪಿಯೆರ್ ಲುಯಿಜಿ ತೂಚ್ಚಿ ಅದೇ ಅಕ್ಷರಗಳನ್ನು ‘ನವಾಲಿಯಾ’, ಹಡಗುಗಳ ಕೊಟ್ಟಿಗೆ, ಎಂದು ಓದಿದರು. ವಾದ ಇನ್ನೂ ನಡೆದಿದೆ. ಆದರೆ ಕಟ್ಟಡ ಎಲ್ಲಿತ್ತು ಎಂಬುದನ್ನು ಮತ್ತೆ ಕದಲಿಸಬೇಕಾಗಿ ಬರಲಿಲ್ಲ. ಅಳತೆಯಿಂದ ಬಂದದ್ದು ಉಳಿಯಿತು, ಅಕ್ಷರ ತುಂಬಿ ಬಂದದ್ದು ಚರ್ಚೆಗೆ ಬಿತ್ತು.

1950ರ ದಶಕದಲ್ಲಿ ಜಾನ್‌ಫಿಲಿಪ್ಪೊ ಕಾರೆತ್ತೋನಿ, ಆಂತೋನಿಯೊ ಕೊಲೀನಿ, ಲೂಕೋಸ್ ಕೊಜ್ಜಾ ಮತ್ತು ಗಾತ್ತಿ ನಾಲ್ವರೂ ಸೇರಿ ಚೂರುಗಳನ್ನೆಲ್ಲ ಮೊದಲಿನಿಂದ ಪರೀಕ್ಷಿಸಿದರು. 1960ರಲ್ಲಿ ಅವರ ದೊಡ್ಡ ಸಂಪುಟ ಬಂತು. ಅವರು ಕಲ್ಲನ್ನು ಮಗುಚಿ ನೋಡಿದರು ಎನ್ನುವುದೇ ನನಗೆ ಈ ಪ್ರಕರಣದ ತಿರುಳು.

ಚೂರೊಂದನ್ನು ಕೈಗೆತ್ತಿಕೊಂಡಿದ್ದೇವೆ ಎಂದುಕೊಳ್ಳೋಣ. ಮುಂಭಾಗದಲ್ಲಿ ಎರಡು ಗೆರೆ, ಮೂರು ಚುಕ್ಕಿ. ಇಷ್ಟರಿಂದ ಏನೂ ಹೇಳಲಾಗದು, ಊರೆಲ್ಲ ಗೋಡೆಗಳೇ, ಕಂಬಗಳೇ. ಮಗುಚಿದರೆ ಬೆನ್ನು ನುಣುಪಾಗಿದೆಯೋ ಒರಟಾಗಿದೆಯೋ ಕಾಣುತ್ತದೆ, ಏಕೆಂದರೆ ಚಪ್ಪಡಿಯಿಂದ ಚಪ್ಪಡಿಗೆ ಅದು ಬೇರೆ. ದಪ್ಪವೂ ಬೇರೆ. ಮರ್ಮರಾ ಸಮುದ್ರದ ಪ್ರೊಕೊನ್ನೆಸಸ್ ದ್ವೀಪದಿಂದ ಬಂದ ಈ ಕಲ್ಲಿನಲ್ಲಿ ಬೂದುಬಣ್ಣದ ಎಳೆಗಳಿರುತ್ತವೆ. ಒಂದೇ ಚಪ್ಪಡಿಯ ಚೂರುಗಳಲ್ಲಿ ಎಳೆ ಒಂದೇ ದಿಕ್ಕಿಗೆ ಹರಿಯಬೇಕು. ಒಂದು ಅಂಚು ಒಡೆದದ್ದಲ್ಲ, ಗರಗಸದಿಂದ ಕೊಯ್ದು ನೇರ ಮಾಡಿದ್ದು ಎಂದು ಕಂಡರೆ ಅದು ಚಪ್ಪಡಿಯ ಅಂಚು, ಅದರಾಚೆ ಬೇರೆ ಚಪ್ಪಡಿ. ಕೊಕ್ಕೆ ಕೂರಿಸಿದ ಕುಳಿ ಇದ್ದರೆ ಗೋಡೆಯಲ್ಲಿ ಅದಕ್ಕೆ ಎದುರಾಗಿ ಒಂದು ತೂತು ಇರಲೇಬೇಕು. ಗೋಡೆ ಇನ್ನೂ ನಿಂತಿದೆಯಲ್ಲ! ಗೋಡೆಯ ತೂತುಗಳನ್ನು ಅಳೆದು, ಚಪ್ಪಡಿಗಳ 11 ಸಾಲುಗಳನ್ನು ಮರಳಿ ಬಿಡಿಸಿ, ಯಾವ ಚೂರು ಯಾವ ಚಪ್ಪಡಿಯದು ಎಂದು ತೀರ್ಮಾನಿಸುವಾಗ ಅದರ ಮೇಲೆ ಯಾವ ಗುಡಿ ಇದೆ ಎಂಬುದು ಲೆಕ್ಕಕ್ಕೆ ಬರುವುದೇ ಇಲ್ಲ.

ಗಾತ್ತಿ ಪ್ರಶ್ನಾತೀತವಾದ ಒಂದು ಗೂಟದಿಂದ ಶುರು ಮಾಡಿದರು. ಆಕ್ಟೇವಿಯಾ ಕಂಬಸಾಲಿನ ಹೆಬ್ಬಾಗಿಲು ಹಳೆಯ ಮೀನುಮಾರುಕಟ್ಟೆಯ ಬಳಿ ಇಂದಿಗೂ ನಿಂತಿದೆ. ನಕ್ಷೆಯಲ್ಲೂ ಅದು ಹೆಸರಿನೊಂದಿಗೆ ಇದೆ, ಪಕ್ಕದಲ್ಲೇ ಫಿಲಿಪ್ಪನ ಕಂಬಸಾಲು. ಈ ಎರಡು ಕಂಬಸಾಲುಗಳ ಮುಂದೆ, ನದಿಯ ಕಡೆಗೆ, ಕಟ್ಟಡವಿಲ್ಲದ ಜಾಗ. ಚೂರುಗಳನ್ನು ಚಪ್ಪಡಿಯ ಲೆಕ್ಕದಲ್ಲಿ ಕೂರಿಸಿದಾಗ ಸರ್ಕಸ್ಸಿನ ಹೆಸರಿನ ಅಕ್ಷರಗಳು ಆ ಖಾಲಿ ಜಾಗಕ್ಕೇ ಬಂದು ಬಿದ್ದವು. ಬಾಲ್ಬುಸ್ ರಂಗಮಂದಿರದ ಕಲ್ಲು ಉತ್ತರಕ್ಕೆ ಹೋಯಿತು, ಕತ್ತಲೆ ಅಂಗಡಿಗಳ ಬೀದಿಯ ದಕ್ಷಿಣಕ್ಕೆ, ಲಿಗೋರಿಯೊ ನೋಡಿದ್ದ ಅವಶೇಷಗಳ ಮೇಲೆಯೇ ಸರಿಯಾಗಿ. ಕಲ್ಲಿನ ಮೇಲಿನ ಅರ್ಧವೃತ್ತ, ನೆಲದಡಿಯ ಗೋಡೆಗಳ ಬಾಗು ಒಂದಾದವು. ಅಲ್ಲಿನ ಮತ್ತೇಯಿ ಮತ್ತು ಕಾಯೆತಾನಿ ಮನೆತನಗಳ ಅರಮನೆಗಳ ನೆಲಮಾಳಿಗೆಗಳಲ್ಲಿ ರಂಗಮಂದಿರದ ಗೋಡೆಗಳು ಈಗಲೂ ಭಾರ ಹೊತ್ತುಕೊಂಡಿವೆ.

1960ರಲ್ಲೇ ರೋಮ್ ನಗರಸಭೆಯ ‘ಕಾಪಿತೋಲಿಯುಂ’ ಪತ್ರಿಕೆಯಲ್ಲಿ ಗಾತ್ತಿ ಬರೆದ ಲೇಖನದ ತಲೆಬರಹ ಒಂದು ಪ್ರಶ್ನೆ: ಬಾಲ್ಬುಸ್ ರಂಗಮಂದಿರ ಮತ್ತು ಸರ್ಕಸ್ ಫ್ಲಾಮಿನಿಯಸ್ ಎಲ್ಲಿದ್ದವು? ನಾನ್ನೂರು ವರ್ಷಗಳ ಒಪ್ಪಂದವನ್ನು ಮುರಿಯುವ ಲೇಖನಕ್ಕೆ ಅಷ್ಟು ಸೌಮ್ಯವಾದ ಹೆಸರು.

ಅಗೆದಾಗ

ರಂಗಮಂದಿರ ಎಲ್ಲಿತ್ತೆಂದು ತಿಳಿದ ಮೇಲೆ ಅದರ ಹಿಂದಿನ ಆವರಣ ‘ಕ್ರಿಪ್ತಾ ಬಾಲ್ಬಿ’ ಎಲ್ಲಿತ್ತೆಂದೂ ತಿಳಿಯಿತು. ಅದರ ಮೇಲಿನ ಹಳೆಯ ಕಟ್ಟಡಗಳ ಇಡೀ ಗುಂಪು ಪಾಳುಬಿದ್ದಿತ್ತು. 1981ರಲ್ಲಿ ಸರಕಾರ ಅದನ್ನು ಕೊಂಡಿತು, ದನಿಯೇಲೆ ಮನಕೋರ್ದಾ ಅಗೆತ ಶುರು ಮಾಡಿದರು. ಅಗಸ್ಟಸ್ ಕಾಲದ ಗೋಡೆಗಳ ಜೊತೆಗೆ ಸಿಕ್ಕಿದ್ದು ಅವುಗಳ ಮೇಲೆ ಬಾಳಿದ ಎಲ್ಲ ಕಾಲಗಳ ಜನಜೀವನ: ಏಳನೆಯ ಶತಮಾನದ ಕಸದ ರಾಶಿ, ಅದರಲ್ಲಿ ಮಡಕೆ, ಕಸುಬುದಾರರ ಕಾರ್ಖಾನೆಯ ಚೂರುಪಾರು, ಆಮೇಲಿನ ಸುಣ್ಣದ ಗೂಡು. ಅಮೃತಶಿಲೆಯನ್ನು ಸುಟ್ಟು ಸುಣ್ಣ ಮಾಡಿದ ಗೂಡು ಪುರಾತನ ಕಟ್ಟಡದ ಅರ್ಧವೃತ್ತದ ಮೂಲೆಯಲ್ಲೇ ಸಿಕ್ಕಿತು. ಹಿಂದಿನ ಅಗೆತಗಳಲ್ಲಿ ರೋಮನ್ ಪದರ ಮುಟ್ಟುವ ಅವಸರದಲ್ಲಿ ಮಧ್ಯಯುಗದ ಮಣ್ಣನ್ನು ಗಾಡಿಗಟ್ಟಲೆ ಹೊರಗೆ ಸುರಿಯುತ್ತಿದ್ದರು. ಇಲ್ಲಿ ಪ್ರತಿ ಪದರವನ್ನೂ ದಾಖಲಿಸಿದರು. 2000ದಲ್ಲಿ ಅದೇ ಜಾಗ ರೋಮನ್ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಒಂದು ಶಾಖೆಯಾಗಿ ತೆರೆಯಿತು. ಗಾತ್ತಿ 1981ರಲ್ಲೇ ತೀರಿಕೊಂಡಿದ್ದರು.

1999ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಲೆವಾಯ್ ತಂಡ ಲೇಸರ್ ಯಂತ್ರಗಳನ್ನು ರೋಮಿಗೆ ತಂದು ಎಲ್ಲ ಚೂರುಗಳನ್ನೂ ಎಲ್ಲ ಮಗ್ಗುಲುಗಳಿಂದ ಅಳೆದು ಕಂಪ್ಯೂಟರಿಗೆ ಇಳಿಸಿತು. ಒಡೆದ ಮುಖಗಳನ್ನು, ಗೆರೆಗಳನ್ನು ಹೋಲಿಸಿ ಕೆಲವು ಹೊಸ ಜೋಡಿಗಳನ್ನು ಪತ್ತೆಹಚ್ಚಿದರು. ಯಂತ್ರ ಹೊಸದು, ಕೇಳಿದ ಪ್ರಶ್ನೆ 1950ರ ದಶಕದ್ದೇ: ಈ ಕಲ್ಲಿನ ದಪ್ಪ ಎಷ್ಟು, ಅಂಚು ಹೇಗೆ ಒಡೆದಿದೆ, ಬೆನ್ನು ಹೇಗಿದೆ. 1742ರಲ್ಲಿ ಗರಗಸ ತಗುಲಿದ ಅಂಚುಗಳ ಮುಂದೆ ಆ ಯಂತ್ರವೂ ಸೋತಿತು.

2024ರ ಜನವರಿಯಲ್ಲಿ ಸೀಲಿಯನ್ ಬೆಟ್ಟದ ಮೇಲೆ ಈ ನಕ್ಷೆಗೆಂದೇ ಒಂದು ವಸ್ತುಸಂಗ್ರಹಾಲಯ ತೆರೆದಿದೆ. ನೆಲದಲ್ಲಿ ಜೊವಾನ್ನಿ ಬತ್ತಿಸ್ತಾ ನೊಲ್ಲಿ 1748ರಲ್ಲಿ ಬರೆದ ರೋಮಿನ ನಕ್ಷೆಯನ್ನು ಹರಡಿ, ಅದರ ಮೇಲೆ ಅಮೃತಶಿಲೆಯ ಚೂರುಗಳನ್ನು ಅವು ಸೇರಬೇಕಾದ ಜಾಗದಲ್ಲೇ ಇಟ್ಟು, ಮೇಲೆ ಗಾಜು ಹೊದಿಸಿದ್ದಾರೆ. ಬಂದವರು ಗಾಜಿನ ಮೇಲೆ ನಡೆಯುತ್ತಾರೆ. ಚೌಕಟ್ಟಿಗಾಗಿ ಕಲ್ಲನ್ನು ಕೊಯ್ಯುವ ಬದಲು ಕಲ್ಲಿಗೆ ಅದರ ಜಾಗವನ್ನೇ ಕೊಟ್ಟಿದ್ದಾರೆ ಎಂದು ನನಗೆ ತುಂಬಾ ಸಂತೋಷವಾಯಿತು.

ಕೊನೆಗೆ ಉಳಿಸಿಕೊಂಡದ್ದು ಒಂದೇ ಕಲ್ಲಿನ ಮಾತು. 1983ರಲ್ಲಿ ನದಿಯಾಚೆಯ ತ್ರಾಸ್ತೆವೆರೆಯಲ್ಲಿ, ವಿಯಾ ಅನೀಚಿಯಾ ಎಂಬ ಬೀದಿಯಲ್ಲಿ, ಅಮೃತಶಿಲೆಯ ಇನ್ನೊಂದು ನಕ್ಷೆಯ ಚಪ್ಪಡಿ ಸಿಕ್ಕಿತು. ಅದು ಸೆವೆರಸ್ ನಕ್ಷೆಯದಲ್ಲ, ಬೇರೆಯೇ ಕೈಯ ಕೆತ್ತನೆ. ಅದರಲ್ಲಿ ಟೈಬರ್ ದಡ, ದಡಕ್ಕೆ ಹೊಂದಿಕೊಂಡ ಕಟ್ಟಡಗಳು, ಅವುಗಳ ಹಿಂದೆ ಹೆಸರು ಬರೆದ ಗುಡಿ: ಕ್ಯಾಸ್ಟರ್ ಮತ್ತು ಪೊಲ್ಲಕ್ಸ್. ಗುಡಿಯ ಆಕಾರ ವಿಲಕ್ಷಣ. ಗರ್ಭಗುಡಿ ಅಡ್ಡಲಾಗಿ ಮಲಗಿದೆ, ಮುಖಮಂಟಪ ಅದರ ಉದ್ದನೆಯ ಬದಿಗೆ ಅಂಟಿಕೊಂಡಿದೆ. ಇಂಥ ರೂಢಿ ಬಿಟ್ಟ ಗುಡಿಗಳನ್ನು ಹೇಳುವಾಗ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆ ಕೊಟ್ಟ ಒಂದು ಉದಾಹರಣೆ ಸರ್ಕಸ್ ಫ್ಲಾಮಿನಿಯಸ್ಸಿನ ಕ್ಯಾಸ್ಟರ್ ಗುಡಿ. ಈ ಹೊಸ ಕಲ್ಲು ಸೆವೆರಸ್ ನಕ್ಷೆಯ ಒಂದು ಚೂರಿನಲ್ಲಿರುವ ಅದೇ ಜಾಗವನ್ನೇ ತೋರಿಸುತ್ತದೆ. ಆ ಜಾಗ ಚೆಂಚಿ ದಿಬ್ಬದ ಮಗ್ಗುಲಿನದು. ಹಿಂದಿನವರು ಬಾಲ್ಬುಸ್ ರಂಗಮಂದಿರವನ್ನು ಇಟ್ಟಿದ್ದ ಅದೇ ದಿಬ್ಬ. ಗಾತ್ತಿ ಸರ್ಕಸ್ಸನ್ನು ಎಲ್ಲಿಗೆ ತಂದಿದ್ದರೋ ಅದರ ಅಂಚಿನಲ್ಲೇ ಗುಡಿ ಸಿಕ್ಕಿತ್ತು, ಅವರು ತೀರಿಕೊಂಡ ಎರಡು ವರ್ಷಕ್ಕೆ. ಚಪ್ಪಡಿಯ ನದಿಯಂಚಿನಲ್ಲಿ ಒಂದು ಕಟ್ಟಡದ ಮೇಲೆ ಒಡೆಯರ ಹೆಸರೂ ಇದೆ, ಸಣ್ಣ ಅಕ್ಷರಗಳಲ್ಲಿ: ಕಾರ್ನೇಲಿಯಾ ಮತ್ತು ಪಾಲುದಾರರು.